ಭಾರ ಹೊತ್ತು ಮೇಲೆದ್ದ ಬಂಡೆ

ಸಾಯಗಾಂವದ ಹಳ್ಳದ ದಂಡೆಯ ಕರಿಬಂಡೆಗೆ ಅಂದು ಪರೀಕ್ಷೆ: ಹೊಸ ಸೇತುವೆಯ ಕಂಬವನ್ನು ಅದು ಹೊತ್ತೀತೇ? ಪರೀಕ್ಷೆ ಮಾಡುವವನು ಅದೇ ಊರಿನ ಮಚ್ಛೇಂದ್ರ, ಈಗ ಬೀದರದಲ್ಲಿ ಇಂಜಿನಿಯರ್. ಬಂಡೆಯ ಮೇಲೆ ಉಕ್ಕಿನ ತಟ್ಟೆ, ತಟ್ಟೆಯ ಮೇಲೆ ಜಾಕು, ಅದರ ಮೇಲೆ ಮರಳುಚೀಲಗಳ ರಾಶಿ. ರಾಶಿಯ ತುದಿಗೆ ಕೂತ ಕಾಗೆಗೆ ಭಾಲ್ಕಿ, ಔರಾದ ಎರಡೂ ಒಂದೇ ನೋಟಕ್ಕೆ ಕಾಣುತ್ತಿದ್ದವು; ಬೀದರದ ಕೋಟೆಗೆ ಹೊಟ್ಟೆಕಿಚ್ಚಾಗುವಷ್ಟು ಎತ್ತರ. ಜಾಕು ಒತ್ತಿದಾಗ ಬಂಡೆ ಎಷ್ಟು ಕುಸಿಯಿತೆಂದು ಹೇಳಲು ಗಡಿಯಾರದಂಥ ಮಾಪಕವೊಂದನ್ನು ಪಕ್ಕದ ಕಬ್ಬಿಣದ ತೊಲೆಯ ನಡುವಿಗೆ ಕಟ್ಟಿ, ಅದರ ಮೊನೆಯನ್ನು ತಟ್ಟೆಗೆ ತಾಗಿಸಿದ್ದರು. ಇರುವೆ ಸೀನಿದರೂ ಅದರ ಮುಳ್ಳು ಚಾಡಿ ಹೇಳುತ್ತಿತ್ತು.

ಬಂಡೆ ಮಿತಿ ಮೀರಿ ಕುಸಿದರೆ ಸೇತುವೆ ದೂರದ ತಿರುವಿಗೆ ಹೋಗುತ್ತದೆ; ಮಳೆಗಾಲದಲ್ಲಿ ಸಾಯಗಾಂವ ಮತ್ತೆ ದಂಡೆಯಲ್ಲೇ ಕೂರಬೇಕು. ಭಾರ ಏರಿಸಿ, ಮುಳ್ಳಿನ ಗುರುತು ಬರೆದುಕೊಂಡು ಮಚ್ಛೇಂದ್ರ ಊಟಕ್ಕೆ ಹೋದ.

ಊಟ ಮುಗಿಸಿ ಬಂದು ನೋಡಿದರೆ ಮುಳ್ಳು ಹಿಂದಕ್ಕೆ ತಿರುಗಿತ್ತು. ಅಂದರೆ, ಅಷ್ಟು ಭಾರದ ಕೆಳಗೆ ಬಂಡೆ ಮೇಲೆದ್ದಿತ್ತು! ಸುದ್ದಿ ಊರು ಮುಟ್ಟುವಾಗ ಅದು ಗೇಣುದ್ದ ಎದ್ದಿತ್ತು. ಖಟಕ ಚಿಂಚೋಳಿಯ ಬಸ್ಸಿನಲ್ಲಿ ಆಳೆತ್ತರ. ಭಾಲ್ಕಿಯ ಚಹಾದಂಗಡಿಯಲ್ಲಿ ಮರಳುಚೀಲ ಸಮೇತ ಹಾರಿಯೇ ಹೋಗಿತ್ತು.

"ಬರಕೊಳ್ರಿ ಸರ," ಎಂದ ಜಾಕು ಒತ್ತುವ ದಿಲೀಪ. "ಇಂಥಾ ರಿಜಲ್ಟ್ ಮತ್ತ ಸಿಗಂಗಿಲ್ಲ. ನಿಮ್ಮೂರ ಬ್ರಿಜ್ ಪಕ್ಕಾ."

"ಉಬ್ಬಲಕ್ಕ ಅದೇನ್ ಪುರಿ ಏನೋ?" ಎಂದ ಮಚ್ಛೇಂದ್ರ.

ಸುತ್ತ ನೋಡಿದ. ತೊಲೆಯ ಮೇಲೆ ಒದ್ದೆ ಕಂಬಳಿ. ಆಚೆ ಕುರಿ ಮೇಯಿಸುತ್ತಿದ್ದ ಮುದುಕಿ ಗಂಗುಬಾಯಿ ತಾನೇ ಒಪ್ಪಿಕೊಂಡಳು.

"ನಾನೇ ಹೊಚ್ಚೀನಿ ತಮ್ಮಾ. ಕಬ್ಬಣ ಹೆಂಚಿನಂಗ ಕಾದಿತ್ತು. ನೀರಿನ ಕೊಡಕ್ಕ ಹಸಿ ಕಂಬಳಿ ಸುತ್ತತೀವಿ, ನಿನ್ನ ಗಡಿಯಾರ ಏನ್ ಪಾಪ ಮಾಡ್ಯದ?"

ಕಾದ ತೊಲೆಯ ಮೇಲ್ಮೈ ಒಮ್ಮೆಲೇ ತಣ್ಣಗಾಗಿ ಕುಗ್ಗಿತ್ತು. ನಡು ಎಳೆಯಷ್ಟು ಕೆಳಗೆ ಬಾಗಿ ಮಾಪಕವನ್ನೂ ಇಳಿಸಿತ್ತು. ಎದ್ದದ್ದು ಬಂಡೆಯಲ್ಲ, ಇಳಿದದ್ದು ಮಾಪಕ.

"ಎದ್ದದ ಅಂದ್ರ ಛಲೋನೇ ಆಯ್ತಲ್ಲ?" ಎಂದಳು ಗಂಗುಬಾಯಿ.

"ಇಲ್ಲ ಆಯಿ. ಇದನ್ನ ನಂಬಿ ಕಂಬ ನಿಲ್ಲಿಸಿ, ನಾಳಿ ನಿನ್ನ ಕುರಿ ಬ್ರಿಜ್ ನಡುವ ಇದ್ದಾಗ ಕಲ್ಲು ಖರೇನೇ ಕುಂತ್ರ?"

ಗಂಗುಬಾಯಿ ತೊಲೆಯ ಮೇಲಿನ ಕಂಬಳಿ ಎಳೆದುಕೊಂಡಳು. ದಿಲೀಪ ಗೊಣಗುತ್ತ ಜಾಕು ಸಡಿಲಿಸಿದ. ತೊಲೆಗೆ ಪೂರ್ತಿ ತಾಡಪತ್ರಿಯ ನೆರಳು ಕಟ್ಟಿ, ಕಬ್ಬಿಣ ಆರುವವರೆಗೆ ಕಾದು, ಮತ್ತೆ ಮೊದಲಿನಿಂದ ಭಾರ ಏರಿಸಿದರು. ಈ ಸಲ ಮುಳ್ಳು ಕುಸಿತದ ಕಡೆಗೇ ಹೊರಟಿತು. ನೆರೆದ ಊರು ಉಸಿರು ಬಿಗಿಹಿಡಿದದ್ದಕ್ಕೆ ಹಳ್ಳದ ಗಾಳಿಯೇ ನಿಂತುಹೋಯಿತು. ಮಿತಿ ಇನ್ನೂ ದೂರವಿರುವಾಗಲೇ ಮುಳ್ಳು ನಿಂತಿತು.

"ಕುಂತದ?" ಗಂಗುಬಾಯಿ ಕೇಳಿದಳು.

"ಸ್ವಲ್ಪ ಕುಂತದ ಆಯಿ. ಎಲ್ಲಾ ಕಲ್ಲೂ ಕುಂದರ್ತಾವ. ಭಾರ ಇಳಿಸಿದ್ರ ಏಳ್ತದೇನು, ಅದನ್ನ ನೋಡಬೇಕು."

ಜಾಕು ಇಳಿಯಿತು. ಮುಳ್ಳು ನಿಧಾನವಾಗಿ, ಹೆಚ್ಚುಕಡಿಮೆ ಹೊರಟಲ್ಲಿಗೇ ಮರಳಿತು.

"ನನ್ನ ಮಣಕಾಲಕಿಂತ ಛಲೋ ಅದ ಬಿಡು," ಎಂದಳು ಗಂಗುಬಾಯಿ.

ಮಚ್ಛೇಂದ್ರ ಸುಣ್ಣ ತರಿಸಿ, ಬಂಡೆಯ ಮೇಲೆ ಕಂಬದ ಗುರುತು ಎಳೆದ.