ಮಗ್ಗ ನಿಂತಾಗ ಕೇಳುವ ಕೂಗು

ಇಂದಿರಾಬಾಯಿ ಅಕ್ಕೋರು ತಮ್ಮ ಕಾದಂಬರಿಯ ಪ್ರತಿಯನ್ನು ನನ್ನ ಕೈಗೆ ಕೊಟ್ಟು ಹನ್ನೊಂದು ದಿನವಾಗಿತ್ತು. ಬನಹಟ್ಟಿಯ ಸಂಜೆ ತರಗತಿಯಲ್ಲಿ ನನ್ನನ್ನು ಹತ್ತನೆಯ ಇಯತ್ತೆ ಪಾಸು ಮಾಡಿಸಿದವರು ಅವರೇ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಹಗಲೆಲ್ಲ ಕರೆಂಟಿನ ಮಗ್ಗ, ಸಂಜೆ ಪುಸ್ತಕ. ಈಗ ಅವರು ನಿವೃತ್ತರಾಗಿ ಜಮಖಂಡಿಯಲ್ಲಿದ್ದಾರೆ.

"ಬರೋ ಸೋಮವಾರ ಬಿಟ್ಟು ಮುಂದಿನ ಸೋಮವಾರ ಪ್ರೆಸ್ಸಿಗೆ ಹೋಗ್ತದ. ಅದಕ್ಕಿಂತ ಮೊದಲ ನಿನ್ನ ಮಾತು ಬೇಕು ಮಾಯವ್ವ. ಹೊಗಳಬ್ಯಾಡ. ಹೊಗಳಲಿಕ್ಕೆ ನಮ್ಮ ಬಳಗದವ್ರು ಇದ್ದಾರ" ಎಂದಿದ್ದರು.

ಓದಿದ್ದೆ, ಎರಡು ಸಲ. ಅಪಹರಣದ ಕಥೆ. ಮುಧೋಳದ ಬಸ್ ಸ್ಟ್ಯಾಂಡಿನಿಂದ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ಎತ್ತಿಕೊಂಡು ಹೋಗಿ, ನಮ್ಮ ಬನಹಟ್ಟಿಯ ನೇಕಾರರ ಓಣಿಯ ಒಂದು ಹಾಳು ಶೆಡ್ಡಿನಲ್ಲಿ ಕೂಡಿಹಾಕುತ್ತಾರೆ. ಕೊನೆಯ ಪುಟದಲ್ಲೂ ಅವಳು ಹೊರಗೆ ಬರುವುದಿಲ್ಲ. ಮೊದಲ ಸಲ ಓದುವಾಗ ಒಲೆಯ ಮೇಲಿನ ಪಲ್ಯ ಹೊತ್ತಿದ್ದು ಗೊತ್ತಾಗಲಿಲ್ಲ. ಮರುದಿನದಿಂದ ಮಗಳು ರೇಷ್ಮಾಳನ್ನು ಟ್ಯೂಷನ್ನಿಗೆ ನಾನೇ ಬಿಟ್ಟುಬರತೊಡಗಿದೆ.

ನಾಲ್ಕನೆಯ ದಿನ ಅವಳು, "ಯವ್ವಾ, ನೀ ಹಿಂಗ ಬೆನ್ನ ಹತ್ತಿ ಬಂದ್ರ ಗೆಳತ್ಯಾರು ನಗತಾರ. ಮೊದ್ಲ ಆ ಪುಸ್ತಕ ವಾಪಸ್ ಕೊಟ್ಟ ಬಾ" ಎಂದಳು.

ಪುಸ್ತಕದ ಮೇಲೆ ಸಿಟ್ಟು ಬರುತ್ತಿತ್ತು, ಆದರೆ ಕೆಳಗಿಡಲು ಆಗುತ್ತಿರಲಿಲ್ಲ. ಇಂಥ ಕ್ರೂರ ಸಂಗತಿಯನ್ನು ಇಷ್ಟು ಆಸೆಯಿಂದ ಓದುತ್ತೇನಲ್ಲ ಎಂದು ನನ್ನ ಮೇಲೂ ಸಿಟ್ಟು. ತರಗತಿಗೆ ಹಸಿದು ಬಂದವರಿಗೆ ಡಬ್ಬಿಯಲ್ಲಿ ಅವಲಕ್ಕಿ ತರುತ್ತಿದ್ದ ಅಕ್ಕೋರ ತಲೆಯಲ್ಲಿ ಆ ಚಿಲಕ, ಬಾಯಿಗೆ ಕಟ್ಟಿದ ಆ ಬಟ್ಟೆ ಎಲ್ಲಿದ್ದವೋ!

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅರವತ್ತೆರಡನೆಯ ಪುಟ. ಮಧ್ಯಾಹ್ನ ಕರೆಂಟ್ ಹೋಗುತ್ತದೆ. ಬಾಯಿಯ ಕಟ್ಟು ಬಿಚ್ಚಿಕೊಂಡ ಹುಡುಗಿ ಗಂಟಲು ಹರಿಯುವಂತೆ ಕೂಗುತ್ತಾಳೆ. ಓಣಿಯಲ್ಲಿ ಯಾರಿಗೂ ಕೇಳಿಸುವುದಿಲ್ಲ. ಅದು ಹೇಗೆ ಸಾಧ್ಯ? ಮಗ್ಗ ನಡೆಯುವಾಗ ನಮ್ಮಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ, ಕೈಸನ್ನೆಯಲ್ಲೇ ಸಂಸಾರ. ಕರೆಂಟ್ ಹೋದೊಡನೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತು, ಐದನೆಯ ಮನೆಯ ಕೂಸು ಕೆಮ್ಮಿದ್ದೂ ಕೇಳುತ್ತದೆ. ಎಲ್ಲರೂ ಕಟ್ಟೆಗೆ ಬಂದು ಕೂರುವುದೂ ಆಗಲೇ.

ಹೇಳುವುದು ಹೇಗೆ? ಉಳಿದ ನೂರೈವತ್ತು ಪುಟ ನಿಂತಿರುವುದೇ ಆ ಕೂಗು ಕೇಳದೆ ಹೋದದ್ದರ ಮೇಲೆ. ಆರು ವರ್ಷ ಕೂತು ಬರೆದಿದ್ದಾರೆ. ಅವರು ಕಲಿಸಿದ ಅಕ್ಷರದಿಂದ ಅವರದೇ ತಪ್ಪು ಹಿಡಿಯುವಷ್ಟು ದೊಡ್ಡವಳಾದೆನೇ ನಾನು? ಬೇಸರವಾಗಿ ನನ್ನನ್ನು ದೂರವಿಟ್ಟರೆ?

ನಮ್ಮ ಮನೆಯವರನ್ನು ಕೇಳಿದರೆ, "ಛಲೋ ಐತ್ರಿ ಅಂದುಬಿಡಲೇ. ಪ್ಯಾಟ್ಯಾಗ ಕುಂತು ಓದಾವ್ರಿಗೆ ನಮ್ಮ ಓಣಿ ಸಪ್ಪಳ ಏನ್ ಗೊತ್ತು?" ಎಂದರು. ಒಂದು ಚೀಟಿಯಲ್ಲಿ 'ತುಂಬಾ ಚೆನ್ನಾಗಿದೆ' ಎಂದು ಬರೆದಿಟ್ಟೆ.

ಶನಿವಾರ ಮಧ್ಯಾಹ್ನ ಅಕ್ಕೋರು ತಾವೇ ಬಸ್ಸು ಹಿಡಿದು ಬಂದರು. ನಮ್ಮ ಮಗ್ಗದ ಶೆಡ್ಡಿನ ಬಾಗಿಲಲ್ಲಿ ನಿಂತು ಏನೋ ಕೇಳಿದರು. ಮಗ್ಗದ ಸದ್ದಿನಲ್ಲಿ ನನಗೆ ಬರೀ ತುಟಿ ಅಲುಗುವುದು ಕಂಡಿತು. ಸನ್ನೆ ಮಾಡಿ ಕೂರಿಸಿ, ಚೀಟಿ ಕೊಟ್ಟೆ. ಓದಿದ ಅವರ ಮುಖ ಸಣ್ಣದಾಯಿತು.

ಹೊಸ ಲೈನ್ ಎಳೆಯುವವರು ಆ ತಿಂಗಳು ದಿನಾ ಎರಡಕ್ಕೆ ಕರೆಂಟ್ ತೆಗೆಯುತ್ತಿದ್ದರು. ಎರಡಾಯಿತು. ಮಗ್ಗಗಳು ನಿಂತವು.

"ಹೊಗಳಬ್ಯಾಡ ಅಂದಿದ್ದೆನೋ ಇಲ್ಲೋ?" ಎಂದರು ಅಕ್ಕೋರು. ಮೆಲ್ಲಗೆ ಅಂದದ್ದೂ ಆ ಮೌನದಲ್ಲಿ ಗದರಿದಂತೆ ಕೇಳಿಸಿತು.

"ಅಕ್ಕೋರ, ಅರವತ್ತೆರಡನೇ ಪುಟ..." ಎಂದು ಶುರು ಮಾಡಿದವಳು, ನಿಲ್ಲಿಸಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಎದ್ದು ಸೆರಗು ಬಿಗಿದರು. "ಬಾಗಿಲಾ ಹಾಕು." ಹಾಕಿದೆ. ಶೆಡ್ಡಿನ ಮೂಲೆಗೆ ಹೋಗಿ, ಎಪ್ಪತ್ತು ವರ್ಷದ ನಮ್ಮ ಅಕ್ಕೋರು, "ಅಯ್ಯಯ್ಯೋ, ಯಾರರೆ ಬರ್ರೋ!" ಎಂದು ಕೂಗಿದರು.

ನಾನು ಹತ್ತು ಎಣಿಸುವುದರೊಳಗೆ ಬಾಗಿಲು ದಡಾರನೆ ತೆರೆಯಿತು. ಪಕ್ಕದ ಮನೆಯ ಅಂಜನಾ ಲಟ್ಟಣಿಗೆ ಹಿಡಿದು ನಿಂತಿದ್ದಳು, ಮೊಳಕೈವರೆಗೂ ಹಿಟ್ಟು. ಹಿಂದೆ ಎದುರುಮನೆಯ ಪರಮಾನಂದ ಕಾಕಾ, ಒಂದು ಗಲ್ಲಕ್ಕೆ ಸೋಪಿನ ನೊರೆ.

"ಏನಾತಬೇ? ಹಾವೇನ?"

"ಏನಿಲ್ರಿ ಕಾಕಾ. ಅಕ್ಕೋರು ಕಥಿ ಬರ್ಯಾಕತ್ತಾರ."

"ಕಥಿ ಬರ್ಯಾಕ ಇಷ್ಟು ಒದರಬೇಕೇನ್ರಿ?" ಎಂದು ಕಾಕಾ ಗೊಣಗುತ್ತ ಹೋದರು.

ಅಕ್ಕೋರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಪ್ರತಿ ತಿರುವುತ್ತ, "ಹಂಗಾದ್ರ ನನ್ನ ಹುಡುಗಿ ಅರವತ್ತೆರಡನೇ ಪುಟಕ್ಕ ಪಾರಾಗ್ತಾಳಲ್ಲ! ಮುಂದ ಏನು ಓದಿಸ್ಲಿ?" ಎಂದರು.

ನನಗೂ ಕಸಿವಿಸಿಯಾಯಿತು. ಹನ್ನೊಂದು ದಿನ ಅವಳು ಪಾರಾಗಲಿ ಎಂದು ಹಂಬಲಿಸಿದವಳಿಗೆ, ಈಗ ಮುಂದಿನ ಪುಟಗಳು ಬೇಕಾಗಿದ್ದವು.

"ಕಟ್ಟು ಬಿಚ್ಚಿಕೊಳ್ಳೂದ್ರಾಗ ಕರೆಂಟ್ ಬಂದಬಿಡ್ಲಿ ಅಕ್ಕೋರ. ಮಗ್ಗದ ಸಪ್ಪಳದಾಗ ಎಷ್ಟ ಕೂಗಿದ್ರೂ ಕೇಳೂದಿಲ್ಲ."

ಅವರು ನನ್ನನ್ನೇ ನೋಡಿದರು. "ನನಕಿಂತ ಕಟುಕಿ ಇದ್ದೀಯಲ್ಲ!"

"ಆದ್ರ ಕಡೀ ಪುಟದಾಗ ಇನ್ನೊಮ್ಮೆ ಕರೆಂಟ್ ಹೋಗಬೇಕ್ರಿ" ಎಂದೆ. "ಅಂಜನಾನಂಥಾಕಿ ಒಬ್ಬಾಕಿ ಬರ್ಬೇಕ್ರಿ."

ಉತ್ತರ ಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ಕರೆಂಟ್ ಬಂತು. ಓಣಿಯ ಮಗ್ಗಗಳೆಲ್ಲ ಖಟಖಟನೆ ಶುರುವಾದವು, ಅವರ ತುಟಿಗಳಷ್ಟೇ ಅಲುಗಿದವು. ಅವರು ಚೀಲದಿಂದ ಕೆಂಪು ಪೆನ್ನು ತೆಗೆದು ನನ್ನ ಚೀಟಿಯ ಮೇಲೆ ಬರೆದು, ಬೆನ್ನು ತಟ್ಟಿ ಬಸ್ಸಿಗೆ ಹೊರಟರು.

'ತುಂಬಾ ಚೆನ್ನಾಗಿದೆ'ಗೆ ಅಡ್ಡಗೆರೆ ಹೊಡೆದು, ಪಕ್ಕದಲ್ಲಿ ಹತ್ತಕ್ಕೆ ಸೊನ್ನೆ ಕೊಟ್ಟಿದ್ದರು. ಹಿಂದುಗಡೆ ತರಗತಿಯ ಅದೇ ದುಂಡು ಅಕ್ಷರ: 'ಸೋಮವಾರ ಪ್ರೆಸ್ಸಿಗೆ ಕೊಡುವುದಿಲ್ಲ. ಮುಂದಿನ ಶನಿವಾರ ಎರಡಕ್ಕೆ ಬರುತ್ತೇನೆ. ಕೊನೆಯ ಪುಟ ಇಲ್ಲೇ ಕೂತು ಬರೆಯೋಣ.'