ಗಡಿಯಾರವಿಲ್ಲದ ಶೀಟು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಇಪ್ಪತ್ತೆಂಟು ವರ್ಷಗಳಿಂದ ಹೇಳುತ್ತ ಬಂದಿದ್ದಾಳೆ. ಇರಲಿ, ಎಲ್ಲೋ ಒಂದು ಕಡೆ ಇರಬೇಕಲ್ಲ. ನನ್ನದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಪ್ರಶ್ನೆಪತ್ರಿಕೆ, ನಾಯಿ ಕಳೆದುಹೋಗಿದೆ ಎಂಬ ಕರಪತ್ರ, ಏನು ಕೊಟ್ಟರೂ ಟೈಪ್ ಮಾಡಿ ಪ್ರಿಂಟ್ ತೆಗೆದು ಕೊಡುತ್ತೇನೆ. ಈ ಕೆಲಸದಲ್ಲಿ ಸಿಟ್ಟು ಬಾರದೆ ಇರಬೇಕಾದರೆ ಮನುಷ್ಯ ಕಲ್ಲಾಗಿರಬೇಕು. ಜನ ಪೆನ್‌ಡ್ರೈವಿನಲ್ಲಿ ಫೈಲ್ ತರುತ್ತಾರೆ, ತೆರೆದರೆ ಬರೀ ಕಸ. ಏಕೆಂದರೆ ಫೈಲ್ ತಂದಿರುತ್ತಾರೆ, ಫಾಂಟ್ ತಂದಿರುವುದಿಲ್ಲ. ಫಾಂಟ್ ಎಂದರೆ ಅಕ್ಷರ ತೊಡುವ ಬಟ್ಟೆ, ಅಷ್ಟೇ. ಹೋದ ಕಡೆಯ ಕಂಪ್ಯೂಟರಿನಲ್ಲಿ ಆ ಬಟ್ಟೆ ಇಲ್ಲದಿದ್ದರೆ ಅಕ್ಷರ ಕೈಗೆ ಸಿಕ್ಕಿದ್ದನ್ನು ಸುತ್ತಿಕೊಂಡು ಬಂದು ನಿಲ್ಲುತ್ತದೆ. ಇದನ್ನು ಹೇಳಿ ಹೇಳಿ ಬಾಯಿ ನೋವು ಬಂದು, ಕೊನೆಗೆ ಗೋಡೆಗೆ ಒಂದು ಬೋರ್ಡ್ ಹಾಕಿಬಿಟ್ಟೆ: ‘ಫೈಲ್ ತರುವವರು ಫಾಂಟನ್ನೂ ತರಬೇಕು. ತರದಿದ್ದರೆ ಬೈಸಿಕೊಳ್ಳಬೇಕು.’

ಆ ಬೋರ್ಡನ್ನು ನೆನಪಿಟ್ಟುಕೊಳ್ಳಿ. ಮುಂದೆ ನನ್ನ ಮಾನ ಹೋಗುವುದು ಅದರಿಂದಲೇ.

ನನ್ನ ಹೆಂಡತಿ ಎರಡನೇ ಕ್ಲಾಸಿನ ಲೆಕ್ಕದ ಟೀಚರ್. ಅವಳ ಗಂಟಲು ಎಂಥದ್ದೆಂದರೆ ಅವಳು ಶಾಲೆಯಲ್ಲಿ ಎರಡರ ಮಗ್ಗಿ ಹೇಳಿಸಿದರೆ ಎದುರು ಬೀದಿಯ ದರ್ಜಿ ಅದೇ ತಾಳಕ್ಕೆ ಮೆಷಿನ್ ತುಳಿಯುತ್ತಿದ್ದ. ಅಂಥ ಗಂಟಲಿನಲ್ಲಿ ಈ ವರ್ಷ ಒಂದು ಗಂಟು ಬೆಳೆಯಿತು. ಕೆಟ್ಟದ್ದೇನಲ್ಲ ಎಂದರು, ಆಪರೇಷನ್ ಮಾಡಿ ತೆಗೆದರು. ಆಮೇಲೆ ಡಾಕ್ಟರು ನನ್ನ ಕಡೆ ನೋಡಿ, “ಮೂರು ತಿಂಗಳು ಒಂದು ಮಾತೂ ಆಡಬಾರದು, ಪಿಸುಮಾತೂ ಕೂಡದು” ಎಂದರು. ನಮ್ಮತ್ತೆ ನೋಡಲು ಬಂದವರು ಮಗಳ ತಲೆ ನೇವರಿಸಿ, “ಇವಳು ಸುಮ್ನೆ ಕೂತಿರೋದನ್ನ ನೋಡೋಕೆ ಐವತ್ತು ವರ್ಷ ಕಾದೆ ಕಣಪ್ಪಾ” ಎಂದು ನಕ್ಕರು, ಮರುಕ್ಷಣವೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಂದಿನಿಂದ ಮನೆಯಲ್ಲಿ ಚೀಟಿ ಸಂಸಾರ. ಅಂಗಡಿಯಲ್ಲಿ ಕತ್ತರಿಸಿ ಉಳಿದ ಕಾಗದದ ಪಟ್ಟಿಗಳನ್ನು ನಾನು ಕಟ್ಟು ಕಟ್ಟಿ ತಂದುಕೊಡುತ್ತಿದ್ದೆ, ಅವಳು ಅದರಲ್ಲೇ ನನ್ನನ್ನು ಬೈಯುತ್ತಿದ್ದಳು. ಜಗಳದ ರುಚಿಯೇ ಹೋಗಿಬಿಟ್ಟಿತ್ತು. ನಾನು ಕೂಗಾಡಿ ಮುಗಿಸಿ ಉಸಿರು ಬಿಡುವಾಗ ಅವಳಿನ್ನೂ ಮೊದಲ ಸಾಲು ಬರೆಯುತ್ತಿರುತ್ತಿದ್ದಳು. ಬರೆದು ಮುಗಿಸುವ ತನಕ ನಾನು ಕಾಯಬೇಕು. ಕಾಯುತ್ತ ಕಾಯುತ್ತ ನನ್ನ ಕೋಪವೇ ಇಳಿದುಹೋಗುತ್ತಿತ್ತು.

ಆರು ವಾರದ ರಜೆ ಮುಗಿಸಿ ಶಾಲೆಗೆ ಹೋದ ದಿನ ಅವಳು ಕಳೆಗುಂದಿದ ಮುಖ ಹೊತ್ತು ಬಂದಳು. ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಅನ್ನುತ್ತಾರೆ. ಕೆಟ್ಟವರಲ್ಲ, ಆದರೆ ಶಿಸ್ತೆಂದರೆ ಶಿಸ್ತು. “ಮೂವತ್ತೆಂಟು ಮಕ್ಳು. ಬಾಯಿಲ್ದೆ ಹೇಗ್ರೀ ಸಂಭಾಳಿಸ್ತೀರಾ? ಈ ವರ್ಷ ರೆಕಾರ್ಡ್ ರೂಮ್ ನೋಡ್ಕೊಳಿ, ಕ್ಲಾಸಿಗೆ ಬೇರೆಯವರನ್ನ ಹಾಕ್ತೀನಿ” ಎಂದಿದ್ದರಂತೆ. ಇವಳು ಅಲ್ಲೇ ಚೀಟಿ ಬರೆದಿದ್ದಾಳೆ: ಎರಡು ವಾರ ಕೊಡಿ, ಆಮೇಲೆ ಬಂದು ನೋಡಿ. ಅವರು ಯೋಚಿಸಿ, ಎರಡನೇ ವಾರದ ಬುಧವಾರ ಮೊದಲ ಪೀರಿಯಡ್ಡಿಗೆ ಬಂದು ಕೂರುತ್ತೇನೆ, ಕ್ಲಾಸ್ ನಡೆದರೆ ಸರಿ, ಇಲ್ಲವಾದರೆ ರೆಕಾರ್ಡ್ ರೂಮೇ ಎಂದಿದ್ದರು.

ಅಡುಗೆಮನೆಯ ಮೇಜಿನ ಮೇಲೆ ಅವಳು ನನ್ನ ಕಡೆ ತಳ್ಳಿದ ಚೀಟಿಯಲ್ಲಿ ಹೀಗಿತ್ತು: ‘ಆ ಧೂಳಿನ ಕೋಣೆಯಲ್ಲಿ ಹಳೇ ಹಾಜರಿ ಪುಸ್ತಕ ಎಣಿಸ್ಕೊಂಡು ಕೂರೋಕೆ ನನ್ನ ಕೈಲಿ ಆಗಲ್ಲ ರೀ.’ ಬೈಯಲು ಯಾರೂ ಸಿಗಲಿಲ್ಲ.

“ನೋಡೇ, ನೀನು ಮಾತಾಡ್ದಿದ್ರೆ ಏನಂತೆ. ಕಾಗದ ಮಾತಾಡ್ಲಿ. ಏನೇನು ಬೇಕು ಹೇಳು, ನಾನು ಮಾಡಿ ಕೊಡ್ತೀನಿ” ಎಂದೆ.

ಅವಳಿಗೆ ಬೇಕಾಗಿದ್ದು ಗಡಿಯಾರಗಳು. ಆ ತಿಂಗಳ ಪಾಠ ಗಂಟೆ ನೋಡುವುದು. ಒಂದೊಂದು ಶೀಟಿಗೂ ಹನ್ನೆರಡು ಗಡಿಯಾರ, ಪ್ರತಿಯೊಂದರಲ್ಲೂ ಬೇರೆ ಸಮಯ. ಒಂದೊಂದನ್ನೇ ಬರೆಯಲು ಹೋದರೆ ನನಗೆ ಮುಪ್ಪು ಬಂದುಬಿಡುತ್ತಿತ್ತು. ಹುಡುಕಿದೆ, ಗಡಿಯಾರದ್ದೇ ಒಂದು ಫಾಂಟ್ ಸಿಕ್ಕಿತು. ಕೀಲಿ ಒತ್ತಿದರೆ ಅಕ್ಷರ ಬರುವುದಿಲ್ಲ, ಗಡಿಯಾರ ಬರುತ್ತದೆ. ಮಾಡಿ ತೋರಿಸಿದರೆ ಅವಳು ಕನ್ನಡಕ ಏರಿಸಿ ನೋಡಿ ಬರೆದಳು: ‘ಮೂರೂವರೆಗೆ ಚಿಕ್ಕ ಮುಳ್ಳು ಮೂರರ ಮೇಲೇ ನಿಂತಿದೆ. ಅಷ್ಟೊತ್ತಿಗೆ ಅದು ಮೂರು ನಾಲ್ಕರ ನಡುವೆ ಬಂದಿರಬೇಕು. ಈ ಗಡಿಯಾರ ಸುಳ್ಳು ಹೇಳುತ್ತೆ.’ ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಇಷ್ಟು ರಗಳೆಯೇ ಎಂದು ನಾನು ಹಾರಾಡಿದೆ. ಅವಳು ಅದೇ ಚೀಟಿಯನ್ನು ಮತ್ತೊಮ್ಮೆ ನನ್ನ ಮೂಗಿನ ಮುಂದೆ ಹಿಡಿದಳು. ಗೊಣಗುತ್ತ ಇನ್ನೊಂದು ಹುಡುಕಿದೆ. ಇದರಲ್ಲಿ ಚಿಕ್ಕ ಮುಳ್ಳು ಸತ್ಯ ಹೇಳುತ್ತಿತ್ತು. ಇಂಗ್ಲಿಷಿನ ಚಿಕ್ಕ ಎ ಒತ್ತಿದರೆ ಒಂದು ಗಂಟೆ, ಚಿಕ್ಕ ಬಿ ಒತ್ತಿದರೆ ಎರಡು, ಹೀಗೆ ಎಲ್ ತನಕ ಹನ್ನೆರಡು. ಅದೇ ಅಕ್ಷರ ದೊಡ್ಡದಾಗಿ ಹೊಡೆದರೆ ಒಂದೂವರೆ, ಎರಡೂವರೆ.

ನೆನಪಿರಲಿ ಎಂದು ಯಾವ ಅಕ್ಷರಕ್ಕೆ ಯಾವ ಗಡಿಯಾರ ಎನ್ನುವ ದೊಡ್ಡ ಪಟ್ಟಿಯೊಂದನ್ನು ಮಾಡಿ ಕಂಪ್ಯೂಟರಿನ ಪಕ್ಕ ಅಂಟಿಸಿಕೊಂಡೆ. ಎರಡೇ ದಿನಕ್ಕೆ ಪಟ್ಟಿ ಮಾಯ. ಅಂಗಡಿಯನ್ನೆಲ್ಲ ತಲೆಕೆಳಗು ಮಾಡಿ, ಬಂದ ಗಿರಾಕಿಗಳಿಗೆಲ್ಲ ಬೈದು ಮನೆಗೆ ಬಂದರೆ ಚೀಟಿ ಕಾದಿತ್ತು: ‘ಕ್ಲಾಸಿನ ಗೋಡೆಗೆ ಹಾಕಿದ್ದೀನಿ. ಲ್ಯಾಪ್‌ಟಾಪಲ್ಲಿ ಅಕ್ಷರ ಒತ್ತಿದ್ರೆ ಗಡಿಯಾರ ಬರೋದನ್ನ ತೋರಿಸಿದೆ. ಮಕ್ಕಳಿಗೆ ಹುಚ್ಚು ಹಿಡಿದಿದೆ.’ ಈಗ ಮಕ್ಕಳು ಅದನ್ನೇ ಆಟ ಮಾಡಿಕೊಂಡಿದ್ದರಂತೆ. ಒಬ್ಬ ಅಕ್ಷರ ಹೇಳುವುದು, ಇನ್ನೊಬ್ಬ ಎರಡು ಕೈ ಚಾಚಿ ಗಡಿಯಾರವಾಗಿ ನಿಲ್ಲುವುದು.

“ಹೇಳಿ ತಗೊಂಡು ಹೋಗೋಕೆ ಏನಾಗಿತ್ತು?” ಎಂದು ಕೂಗಿದೆ. ಅವಳು ಬೆರಳಿನಿಂದ ತನ್ನ ಗಂಟಲು ತೋರಿಸಿದಳು.

ಮಂಗಳವಾರ ಸಂಜೆ ಬುಧವಾರದ ಶೀಟ್ ತಯಾರಾಯಿತು. ಹನ್ನೆರಡು ಗಡಿಯಾರ, ಪ್ರತಿಯೊಂದರ ಕೆಳಗೆ ‘ಸಮಯ ಎಷ್ಟು?’ ಎಂಬ ಸಾಲು. ಪ್ರಿಂಟ್ ಕೊಟ್ಟರೆ ನನ್ನ ಪ್ರಿಂಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ರಿಪೇರಿಯವನು ನಾಳೆ ಬರುತ್ತೇನೆ ಎಂದ. ಅವನಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ. ಬೆಳಿಗ್ಗೆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಸ್ಕೂಟರ್ ಹತ್ತಿ ಸೀದಾ ಶಾಲೆಗೆ ಹೋದೆ.

ಆಫೀಸಿನ ಗುಮಾಸ್ತ ಒಳ್ಳೆಯ ಮನುಷ್ಯ. “ಮೂವತ್ತೆಂಟು, ಮೇಲೆ ಎರಡು ತಾನೇ? ಕೊಡಿ ಸಾರ್, ತೆಗೆದು ಕ್ಲಾಸಿಗೇ ಕಳಿಸ್ತೀನಿ” ಎಂದ. ಅಷ್ಟರಲ್ಲಿ ಕಾವಲುಗಾರ ಬಂದು ಸ್ಕೂಟರ್ ಗೇಟಿಗೆ ಅಡ್ಡ ನಿಲ್ಲಿಸಿದ್ದೀರಿ ಎಂದು ತಗಾದೆ ತೆಗೆದ. ನಾನು ಬಿಡುತ್ತೇನೆಯೇ? ಹತ್ತು ನಿಮಿಷ ವಾದಿಸಿ, ಗೆದ್ದು, ಸ್ಕೂಟರನ್ನು ಅವನು ಹೇಳಿದ ಕಡೆಯೇ ನಿಲ್ಲಿಸಿ ಒಳಗೆ ಬಂದೆ.

“ಕಳಿಸ್ದೆ ಸಾರ್. ಚೆನ್ನಾಗಿ ಬಂದಿದೆ” ಎಂದ ಗುಮಾಸ್ತ. “ಇವತ್ತು ಮಿಸ್ ಇಂಗ್ಲಿಷ್ ಪಾಠ ಮಾಡ್ತಾರಾ?”

“ಇಂಗ್ಲಿಷಾ? ಯಾಕೆ?”

“ಮತ್ತೆ, ಎ ಎಫ್ ಸಿ ಕೆ ಅಂತ ಬರೀ ಅಕ್ಷರ ಇತ್ತಲ್ಲ.”

ಫೈಲ್ ತಂದಿದ್ದೆ. ಫಾಂಟ್ ತಂದಿರಲಿಲ್ಲ. ಇಪ್ಪತ್ತು ವರ್ಷ ಊರಿಗೆಲ್ಲ ಬೈದ ನಾನು, ಗೋಡೆಗೆ ಬೋರ್ಡ್ ಹೊಡೆದ ನಾನು, ಹೆಂಡತಿಯ ಕೆಲಸ ಕತ್ತಿಯ ಅಲುಗಿನ ಮೇಲೆ ನಿಂತಿರುವ ದಿನವೇ ಫಾಂಟ್ ಬಿಟ್ಟು ಬಂದಿದ್ದೆ. ಮೊಬೈಲಿನಲ್ಲಿ ಹುಡುಕಿ ಹಾಕಿಬಿಡೋಣವೆಂದರೆ, ಆ ಕಂಪ್ಯೂಟರಿಗೆ ಹೊಸದೇನನ್ನೇ ಹಾಕಬೇಕಾದರೂ ಪಾಸ್‌ವರ್ಡ್ ಬೇಕಂತೆ, ಅದು ದೊಡ್ಡ ಮೇಡಂ ಒಬ್ಬರಿಗೇ ಗೊತ್ತಂತೆ. ದೊಡ್ಡ ಮೇಡಂ ಆಗಲೇ ಎರಡನೇ ಕ್ಲಾಸಿಗೆ ಹೋಗಿ ಕೂತಾಗಿತ್ತು.

ಓಡಿದೆ. ಬಾಗಿಲು ಮುಚ್ಚಿತ್ತು. ಕಾರಿಡಾರಿನ ಕಿಟಕಿಯಲ್ಲಿ ಕಳ್ಳನ ಹಾಗೆ ಇಣುಕಿದೆ.

ಶೀಟುಗಳನ್ನು ಹಂಚಿ ಮುಗಿದಿತ್ತು. ಹಿಂದಿನ ಬೆಂಚಿನಲ್ಲಿ ದೊಡ್ಡ ಮೇಡಂ ಕೂತಿದ್ದರು, ಅವರ ಕೈಯಲ್ಲೂ ಒಂದು. ನನ್ನ ಹೆಂಡತಿ ಮೇಜಿನ ಬಳಿ ಶೀಟ್ ಹಿಡಿದು ನಿಂತಿದ್ದಳು. ಅವಳ ಬಾಯಿ ತೆರೆಯಿತು. ಮಾತಾಡಿಬಿಡುತ್ತಾಳೆ, ಎಲ್ಲ ಹೊಲಿಗೆಯೂ ಬಿಚ್ಚಿಹೋಗುತ್ತದೆ ಎಂದು ಕಿಟಕಿಯ ಸರಳು ಹಿಡಿದುಕೊಂಡೆ. ಅವಳು ಬಾಯಿ ಮುಚ್ಚಿದಳು. ಕ್ಲಾಸಿನಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಈ ಎರಡು ವಾರದಲ್ಲಿ, ಮಿಸ್ ಮಾತಾಡುವುದಿಲ್ಲವೆಂದು ಮಕ್ಕಳೂ ಪಿಸುಗುಟ್ಟುವುದನ್ನೇ ರೂಢಿ ಮಾಡಿಕೊಂಡಿದ್ದರು.

ಮುಂದಿನ ಬೆಂಚಿನಲ್ಲಿ ಒಬ್ಬಳು ಪುಟ್ಟಿ ಇದ್ದಳು. ಸದಾ ಪೆನ್ಸಿಲ್ ಕಡಿಯುತ್ತಾಳೆಂದು ಕ್ಲಾಸಿಗೆಲ್ಲ ಅವಳು ಇಲಿಮರಿ. ಅವಳು ಶೀಟ್ ತಿರುಗಿಸಿ ಹಿಂದೆ ನೋಡಿದಳು, ಮುಂದೆ ನೋಡಿದಳು, ಪಿಸುಗುಟ್ಟಿದಳು: “ಮಿಸ್, ಗಡಿಯಾರ ಇನ್ನೂ ಬಂದಿಲ್ಲ.”

ಪಕ್ಕದವನು ಗೋಡೆಯ ಪಟ್ಟಿಯತ್ತ ಪೆನ್ಸಿಲ್ ಚಾಚಿದ. “ಅಲ್ಲಿದೆಯಲ್ಲೇ. ನಾವೇ ಬರಿಬೇಕು ಅನ್ಸುತ್ತೆ.”

ನನ್ನ ಹೆಂಡತಿ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಅವಳ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆ ಅಂದುಕೊಂಡೆ. ಅಲ್ಲ, ನಗುತ್ತಿದ್ದಳು. ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು, ಬೋರ್ಡಿಗೆ ಒತ್ತಿ, ಸುತ್ತ ಚಾಕ್ ಎಳೆದಳು. ದುಂಡನೆಯ ಗಡಿಯಾರ. ಒಳಗೆ ಎರಡು ಮುಳ್ಳು. ಮಕ್ಕಳ ಕಡೆ ತಿರುಗಿ ಹುಬ್ಬು ಹಾರಿಸಿದಳು.

ಮೂವತ್ತೆಂಟು ಬಾಟಲಿಗಳ ಮುಚ್ಚಳ ಬಿಚ್ಚಿಕೊಂಡವು. ಎಲ್ಲರೂ ಕತ್ತು ಎತ್ತುವುದು, ಪಟ್ಟಿ ನೋಡುವುದು, ಬಗ್ಗುವುದು, ನಾಲಿಗೆ ಹೊರಗೆ ಹಾಕಿಕೊಂಡು ಬರೆಯುವುದು. ಇವಳು ಬೆಂಚುಗಳ ನಡುವೆ ಓಡಾಡುತ್ತ ಒಬ್ಬನ ಬೆನ್ನು ತಟ್ಟಿದಳು, ಒಬ್ಬಳ ಮುಳ್ಳನ್ನು ಬೆರಳಿನಿಂದ ಸ್ವಲ್ಪ ಪಕ್ಕಕ್ಕೆ ತಳ್ಳಿದಳು. ಸ್ವಲ್ಪ ಹೊತ್ತಿಗೆ ಅರ್ಧ ಕ್ಲಾಸು ಅವಳ ಕಡೆ ನೋಡುವುದನ್ನೇ ಬಿಟ್ಟು ಪಟ್ಟಿಯನ್ನೂ ನೋಡದೆ ಬರೆಯತೊಡಗಿತು.

ಆಮೇಲೆ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ದೊಡ್ಡ ಮೇಡಂ ಪಕ್ಕದ ಹುಡುಗನಿಂದ ಮುಚ್ಚಳ ಕೇಳಿ ತೆಗೆದುಕೊಂಡರು. ಸುತ್ತಲೂ ಒಮ್ಮೆ ನೋಡಿ ತಾವೂ ಬರೆಯತೊಡಗಿದರು. ದೊಡ್ಡ ಎಫ್, ಆರೂವರೆ. ದೊಡ್ಡ ಮುಳ್ಳು ಆರಕ್ಕೆ ಎಳೆದರು. ಚಿಕ್ಕ ಮುಳ್ಳನ್ನೂ ಅದರ ಮೇಲೆಯೇ ಎಳೆದರು.

ಪಕ್ಕದ ಹುಡುಗ ಬಗ್ಗಿ ನೋಡಿ ತಲೆ ಅಲ್ಲಾಡಿಸಿದ. “ಮೇಡಂ, ತಪ್ಪು. ಅರ್ಧ ಗಂಟೆ ಆಯ್ತಲ್ಲ, ಚಿಕ್ಕ ಮುಳ್ಳು ಅಲ್ಲೇ ನಿಂತಿರಲ್ಲ. ಏಳರ ಕಡೆ ಅರ್ಧ ದಾರಿ ಹೋಗಿರುತ್ತೆ. ನಮ್ ಮಿಸ್ ಹೇಳಿದಾರೆ.”

ಆ ಮಿಸ್ ಎರಡು ವಾರದಿಂದ ಒಂದು ಮಾತೂ ಆಡಿರಲಿಲ್ಲ. ದೊಡ್ಡ ಮೇಡಂ ಅವನ ಮುಖ ನೋಡಿದರು, ಗೋಡೆಯ ಪಟ್ಟಿ ನೋಡಿದರು, ನನ್ನ ಹೆಂಡತಿಯನ್ನು ನೋಡಿದರು. ಆಮೇಲೆ ರಬ್ಬರ್ ಕೇಳಿ ಇಸಿದುಕೊಂಡು ಚಿಕ್ಕ ಮುಳ್ಳನ್ನು ಅಳಿಸಿದರು.

ಗಂಟೆ ಹೊಡೆದ ಮೇಲೆ ಅವರು ಹೊರಗೆ ಬಂದು ನನ್ನ ಎದುರು ನಿಂತು ಪಿಸುಗುಟ್ಟಿದರು. ತಾವು ಪಿಸುಗುಟ್ಟುತ್ತಿದ್ದೇವೆ ಎನ್ನುವುದು ಅವರಿಗೇ ಗೊತ್ತಿರಲಿಲ್ಲ. “ರೆಕಾರ್ಡ್ ರೂಮಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ. ಈ ಶೀಟ್ ಮೂರನೇ ಕ್ಲಾಸಿಗೂ ಬೇಕು. ಹೀಗೇ ಇರ್ಲಿ, ಗಡಿಯಾರ ಇಲ್ಲದ್ದು. ಒಳ್ಳೇ ಉಪಾಯ ಮಾಡಿದೀರಿ.”

“ಅಯ್ಯೋ ಮೇಡಂ, ಅದು ಉಪಾಯ ಅಲ್ಲ, ಫಾಂಟು...” ಎಂದು ಶುರು ಮಾಡಿದೆ. ಅವರ ಬೆನ್ನ ಹಿಂದೆ ಬಾಗಿಲಲ್ಲಿ ನಿಂತ ನನ್ನ ಹೆಂಡತಿ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಕ್ಕರಿಸಿದಳು. ಜೀವನದಲ್ಲಿ ಮೊದಲ ಸಲ ನಾನು ಮಾತನ್ನು ನುಂಗಿಕೊಂಡೆ. ಅವರು ಹೋದ ಮೇಲೆ ಅವಳು ನನ್ನ ಜೇಬಿಗೆ ಒಂದು ಚೀಟಿ ತುರುಕಿದಳು: ‘ಫೈಲ್ ತರುವವರು ಫಾಂಟನ್ನೂ ತರಬೇಕು. ತರದಿದ್ದರೆ ಬೈಸಿಕೊಳ್ಳಬೇಕು. ಬೈಗುಳ ಬಾಕಿ ಇದೆ, ಗಂಟಲು ಸರಿಹೋಗಲಿ.’

ಆ ಚೀಟಿ ಈಗ ಅಂಗಡಿಯಲ್ಲಿ ಬೋರ್ಡಿನ ಪಕ್ಕದಲ್ಲೇ ಇದೆ. ಫಾಂಟ್ ಮರೆತು ಬಂದವರಿಗೆ ಈಗ ಅಷ್ಟಾಗಿ ಬೈಯುವುದಿಲ್ಲ. ಸ್ವಲ್ಪ ಬೈಯುತ್ತೇನೆ.

ಮೂರು ತಿಂಗಳು ಮುಗಿದ ಮೇಲೆ ಡಾಕ್ಟರು ದಿನಕ್ಕೆ ಹತ್ತು ನಿಮಿಷ ಮಾತಾಡಬಹುದು ಎಂದರು. ಮನೆಯಲ್ಲಿ ಅವಳು ಬಾಯಿ ಬಿಡಲೇ ಇಲ್ಲ. ಮೊದಲ ಮಾತು ಕ್ಲಾಸಿಗೆ ಎಂದು ಎತ್ತಿಟ್ಟಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಶೀಟ್ ಕೊಡುವ ನೆಪ ಮಾಡಿಕೊಂಡು ಹೋಗಿ ಕ್ಲಾಸಿನ ಮೂಲೆಯಲ್ಲಿ ನಿಂತೆ. ಅವಳು ಮೇಜು ಹಿಡಿದುಕೊಂಡು, “ಪುಸ್ತಕ ತೆಗೀರಿ ಮಕ್ಳೇ” ಎಂದಳು. ಮೊದಲಿನ ಗಂಟಲಲ್ಲ ಅದು. ಒರಟಾಗಿ, ಒಡೆದು ಬಂತು.

ಮೂವತ್ತೆಂಟು ತಲೆ ಒಮ್ಮೆಲೇ ಮೇಲೆದ್ದವು. ಇಲಿಮರಿ ಬಾಯಿಂದ ಪೆನ್ಸಿಲ್ ತೆಗೆದು, ತುಟಿಯ ಮೇಲೆ ಬೆರಳಿಟ್ಟುಕೊಂಡು, ಬಹಳ ಕಾಳಜಿಯಿಂದ ಪಿಸುಗುಟ್ಟಿದಳು: “ಕಷ್ಟ ಪಡ್ಬೇಡಿ ಮಿಸ್. ನೀವು ಹೇಳೋದು ನಮಗೆ ಮೊದ್ಲಿಂದ್ಲೂ ಕೇಳಿಸುತ್ತೆ.”

ನನ್ನ ಕಣ್ಣು ಮಂಜಾಯಿತು. ಗೋಡೆಯ ಪಟ್ಟಿಯನ್ನು ಓದುವವನಂತೆ ಆ ಕಡೆ ತಿರುಗಿ ಮೂಗು ಒರೆಸಿಕೊಂಡೆ. ನನ್ನ ಹೆಂಡತಿ ಹತ್ತಿರ ಬಂದು, ಹತ್ತು ನಿಮಿಷದಲ್ಲಿ ಅರ್ಧ ಕ್ಷಣವನ್ನೂ ನನಗಾಗಿ ಹಾಳು ಮಾಡದೆ, ಕೈಗೆ ಒಂದು ಚೀಟಿ ಕೊಟ್ಟಳು: ‘ಅಳೋದಾದ್ರೆ ಹೊರಗೆ ಹೋಗಿ ಅಳಿ, ಪಾಠ ನಡೀತಿದೆ.’

ನಾನು ತುದಿಗಾಲಲ್ಲಿ ಹೊರಗೆ ಹೋಗಿ ಬಾಗಿಲು ಸದ್ದಾಗದಂತೆ ಎಳೆದುಕೊಂಡೆ.