ಸಿಲ್ವಾನೊನ ಭಾನುವಾರದ ಚಡ್ಡಿ

ಒರಿಯೆಲ್ಲಾ ಮೂವತ್ತೊಂದು ವರ್ಷ ಸೈಕಲ್ ಸವಾರರ ಚಡ್ಡಿಗಳಿಗೆ, ಸೀಟಿಗೆ ತಾಗುವ ಕಡೆ, ಸ್ಪಂಜಿನ ಮೆತ್ತೆ ಹೊಲಿದಿದ್ದಳು. ಗ್ರಾಪ್ಪಾ ಬೆಟ್ಟದ ಬುಡದಲ್ಲಿ, ಬಸ್ಸಾನೊ ರಸ್ತೆಗೆ ಹೊಂದಿಕೊಂಡಿದ್ದ ಹೊಲಿಗೆ ಕಾರ್ಖಾನೆಯಲ್ಲಿ ಕಿಟಕಿ ಪಕ್ಕದ ಮೆಷಿನ್ನು ಅವಳದ್ದು. ಸ್ಪಂಜಿನ ಹಾಳೆಯನ್ನು ಎರಡು ಬೆರಳ ನಡುವೆ ಒತ್ತಿ ನೋಡಿದರೆ ಸಾಕು, ಅದು ಎಷ್ಟು ಗಂಟೆಯ ಸವಾರಿ ತಡೆದೀತು ಎಂದು ಹೇಳಿಬಿಡುತ್ತಿದ್ದಳು. ಮೇ ತಿಂಗಳಲ್ಲಿ ದೊಡ್ಡ ರೇಸು ಟೀವಿಯಲ್ಲಿ ಬಂದಾಗ ಊರೆಲ್ಲ ಸವಾರರ ಮುಖ ನೋಡಿದರೆ ಇವಳು ಅವರ ಹಿಂಭಾಗ ನೋಡುತ್ತ ಕೂರುತ್ತಿದ್ದಳು. ಯಾರಾದರೂ ಸೀಟಿನ ಮೇಲೆ ಅತ್ತಿತ್ತ ಜರುಗಿದರೆ, ಪಾಪ, ಯಾರು ಹೊಲಿದರೋ ಎಂದು ಲೊಚಗುಟ್ಟುತ್ತಿದ್ದಳು.

ಗಂಡ ಸಿಲ್ವಾನೊ ಮನೆಗಳ ನೆಲಕ್ಕೆ ಟೈಲ್ಸ್ ಕೂರಿಸುತ್ತಿದ್ದವನು. ಈಗ ಇಬ್ಬರೂ ಕೆಲಸ ಬಿಟ್ಟಿದ್ದರು. ಅವನಿಗಿದ್ದ ಒಂದೇ ಚಟ ಸೈಕಲ್ಲು. ಪ್ರತಿ ಭಾನುವಾರ ಬೆಳಿಗ್ಗೆ ಹೆಂಡತಿ ಹೊಲಿದ ಚಡ್ಡಿ ತೊಟ್ಟು, ಗೆಳೆಯ ದುವಿಲಿಯೊನ ಮನೆಗೆ ಹೋಗಿ, ಅಲ್ಲಿಂದ ಇಬ್ಬರೂ ಆಜೊಲೊ ಕಡೆಗೋ ಪಿಯಾವೆ ನದಿಯ ಕಡೆಗೋ ಹೊರಡುವರು. ದುವಿಲಿಯೊ ಹೆಂಡತಿ ತೀರಿಕೊಂಡ ಮೇಲೆ ಹಿತ್ತಲಿನ ಹಳೇ ದನದ ಕೊಟ್ಟಿಗೆಯಲ್ಲಿ ಸೈಕಲ್ ರಿಪೇರಿ ಇಟ್ಟುಕೊಂಡು ಒಬ್ಬನೇ ಇದ್ದ.

ಕೆಲಸವಿದ್ದಷ್ಟು ವರ್ಷ ಬಟ್ಟೆಯನ್ನೆಲ್ಲ ನೋಡದೆಯೇ ಮೆಷಿನ್ನಿಗೆ ತುಂಬುತ್ತಿದ್ದ ಒರಿಯೆಲ್ಲಾಳಿಗೆ, ಏಪ್ರಿಲ್‌ನ ಒಂದು ಸೋಮವಾರ ಒಗೆಯಲು ಬಟ್ಟೆ ಬೇರ್ಪಡಿಸುವಾಗ ಒಂದು ವಿಷಯ ಹೊಳೆಯಿತು. ಗಂಡನ ಬನಿಯನ್ನಿನಲ್ಲಿ ಬೆವರಿನ ಉಪ್ಪು ಬಿಳಿಗೆರೆಯಾಗಿ ಒಣಗಿತ್ತು. ಚಡ್ಡಿ ಮಾತ್ರ ಕಪಾಟಿನಿಂದ ಈಗ ತೆಗೆದ ಹಾಗೆ ಸೋಪಿನ ವಾಸನೆ ಬೀರುತ್ತಿತ್ತು. ಎಪ್ಪತ್ತು ಕಿಲೋಮೀಟರ್ ತುಳಿದವನ ಚಡ್ಡಿ ಹೀಗಿರಲು ಸಾಧ್ಯವೇ ಇಲ್ಲ. ಮುಂದಿನ ವಾರ ನೋಡಿದಳು, ಅದರ ಮುಂದಿನ ವಾರವೂ ನೋಡಿದಳು. ಅದೇ ಕತೆ. ಗಂಡನನ್ನು ಕೇಳಲಿಲ್ಲ. ನಲವತ್ತೊಂದು ವರ್ಷ ಸಂಸಾರ ಮಾಡಿದ ಮೇಲೆ ಗಂಡಸು ಭಾನುವಾರ ಎಲ್ಲೋ ಹೋಗಿ ಚಡ್ಡಿ ಬಿಚ್ಚಿಡುತ್ತಾನೆ ಎಂದರೆ ಯಾವ ಹೆಂಗಸಿಗಾದರೂ ಏನು ಅನ್ನಿಸಬೇಕೋ ಅದು ಅವಳಿಗೂ ಅನ್ನಿಸಿತು. ಆದರೆ ಸಿಲ್ವಾನೊನ ಮಂಡಿ, ಸೊಂಟ, ಊಟವಾದ ಕೂಡಲೇ ತೂಕಡಿಸುವ ಪರಿ ಎಲ್ಲ ನೆನಪಾಗಿ, ಇವನನ್ನು ಯಾರು ಇಟ್ಟುಕೊಂಡಾರು ಎಂದು ನಗುವೂ ಬಂತು.

ಅದರ ಮುಂದಿನ ಭಾನುವಾರ ಅವನು ಹೊರಟು ಒಂದು ಗಂಟೆಯಾದ ಮೇಲೆ ಉಪ್ಪಿನಕಾಯಿ ಹಾಕಿದ ಬದನೆಯ ಬಾಟಲಿಯೊಂದನ್ನು ನೆಪಕ್ಕೆ ಹಿಡಿದುಕೊಂಡು ದುವಿಲಿಯೊನ ಕೊಟ್ಟಿಗೆಗೆ ಹೋದಳು. ಬಾಗಿಲಿಗೆ ಬೀಗವಿರಲಿಲ್ಲ. ಒಳಗೆ ಮೊಳೆಗೆ ಗಂಡನ ಚಡ್ಡಿ ನೇತುಹಾಕಿತ್ತು, ಅವಳೇ ಹೊಲಿದದ್ದು. ಪಕ್ಕದ ತಂತಿಯ ಮೇಲೆ ಒಗೆದು ಒಣಗಿದ ಇನ್ನೊಂದು ಚಡ್ಡಿ ನೇತಾಡುತ್ತಿತ್ತು. ಅದೂ ಸಿಲ್ವಾನೊನ ಅಳತೆಯದ್ದೇ. ಒಳಮಗ್ಗುಲನ್ನು ಹೊರಗೆ ತಿರುಗಿಸಿ ಮೆತ್ತೆಯ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದಳು. ಎರಡು ಪದರ, ಅಂಚಿಗೆ ಅಂಕುಡೊಂಕು ಹೊಲಿಗೆ. ತಮ್ಮದಕ್ಕೆ ಪೈಪೋಟಿಯಾಗಿದ್ದ ನದಿಯಾಚೆಯ ಕಾರ್ಖಾನೆಯದ್ದು. ಆ ಕ್ಷಣಕ್ಕೆ ಅವಳಿಗೆ, ಬೇರೆ ಹೆಂಗಸೇ ಆಗಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ ಅನ್ನಿಸಿತು.

ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತು ಕಾದಳು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ನಗುತ್ತ ಬಂದರು. ಸಿಲ್ವಾನೊ ತೊಟ್ಟದ್ದೂ ಅದೇ ನದಿಯಾಚೆಯದ್ದು; ಅವಳ ತೊಡೆಯ ಮೇಲೆ ಅದರ ಜೋಡಿ ಕಂಡದ್ದೇ ಅವನ ನಗು ನಿಂತಿತು. ದುವಿಲಿಯೊ ಸೈಕಲ್ ಒರಗಿಸುವ ನೆಪದಲ್ಲಿ ಮೂಲೆಗೆ ಸರಿದ.

"ಎಷ್ಟು ದಿನದಿಂದ?" ಎಂದಳು ಒರಿಯೆಲ್ಲಾ.

"ಒಂಬತ್ತು ವರ್ಷ ಆಯ್ತು."

"ಇಲ್ಲೇ ಬದಲಾಯಿಸಿ, ಇಲ್ಲೇ ಒಗೆದು?"

"ದುವಿಲಿಯೊ ಒಗೀತಾನೆ. ನನಗೆ ಸರಿಯಾಗಿ ಹಿಂಡೋಕೆ ಬರಲ್ಲ ಅಂತಾನೆ."

"ನನ್ನನ್ನ ಇದಕ್ಕೆ ಎಳೀಬೇಡಿ," ಎಂದ ದುವಿಲಿಯೊ ಮೂಲೆಯಿಂದ.

ಸಿಲ್ವಾನೊ ತಲೆಗವಸು ಬಿಚ್ಚಿ ಕೈಯಲ್ಲಿ ತಿರುಗಿಸುತ್ತ ನಿಂತ. ಆಮೇಲೆ ನೆಲ ನೋಡುತ್ತ ಹೇಳಿದ: "ನೀನು ಹೊಲಿದಿದ್ದು ನನಗೆ ಒತ್ತುತ್ತೆ, ಒರಿಯೆಲ್ಲಾ. ಅರ್ಧ ದಾರೀಲಿ ಚರ್ಮ ಕಿತ್ತು ಬರುತ್ತೆ. ಊರೆಲ್ಲಾ ನಿನ್ನ ಕೈ ಹೊಗಳ್ತಾರೆ. ನಾನೊಬ್ಬ ಹೇಗೆ ಹೇಳ್ಲಿ?"

ಅವಳು ಚಡ್ಡಿಯನ್ನು ಮತ್ತೆ ತಂತಿಗೆ ಹಾಕಿ ಹೊರಟಳು. ಬದನೆಯ ಬಾಟಲಿಯನ್ನು ಕೂಡ ಅಲ್ಲಿ ಬಿಡದೆ ವಾಪಸು ತಂದಳು. ಎರಡು ದಿನ ಮನೆಯಲ್ಲಿ ಅಗತ್ಯವಿದ್ದಷ್ಟೇ ಮಾತು. ಅವನಿಗೆ ಆಗದ ಬೋಟಿ ಸಾರನ್ನು ಎರಡು ದಿನವೂ ಮಾಡಿ ಬಡಿಸಿದಳು. ಅವನು ತುಟಿ ಎರಡು ಮಾಡದೆ ತಟ್ಟೆ ಖಾಲಿ ಮಾಡಿದ. ಬೋಟಿಯನ್ನೂ ಹೀಗೇ ನುಂಗುವವನು, ನೋವನ್ನೂ ಹೀಗೇ ನುಂಗಿರಬೇಕು ಎಂದು ಅವಳಿಗೆ ಹೊಳೆದದ್ದು ಎರಡನೆಯ ದಿನ, ಅವನು ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸುತ್ತಿದ್ದಾಗ. ಕೋಪ ಅಲ್ಲಿಗೆ ಸಡಿಲಾಯಿತು. ಆ ಇನ್ನೊಂದು ಚಡ್ಡಿ ಒತ್ತುವುದಿಲ್ಲವೇ ಎಂದು ಕೇಳಿದಳು. ಅದೂ ಒತ್ತುತ್ತದೆ, ಸ್ವಲ್ಪ ಬೇರೆ ಕಡೆ, ಸ್ವಲ್ಪ ತಡವಾಗಿ ಎಂದ. ಹಾಗಾದರೆ ಸುಖವಾಗಿ ಕೂತು ತುಳಿದದ್ದು ಯಾವಾಗ? ಅವನು ಯೋಚಿಸಿದ. ಐವತ್ತರ ಆಸುಪಾಸಿನಲ್ಲಿರಬೇಕು, ಸೊಂಟ ಹಿಡಿದುಕೊಳ್ಳುವ ಮುಂಚೆ.

ಆ ಮಾತು ಅವಳ ತಲೆಯಲ್ಲಿ ಉಳಿಯಿತು. ಬರುವ ಭಾನುವಾರ ನಾನೂ ಬರುತ್ತೇನೆ ಎಂದಳು. ಪೇಟೆಗೆ ಹೋಗಿ ಬರುವ ಎರಡು ಕಿಲೋಮೀಟರ್ ಬಿಟ್ಟರೆ ಅವಳು ಸೈಕಲ್ ತುಳಿದವಳೇ ಅಲ್ಲ. ದುವಿಲಿಯೊ ತನ್ನ ಬಳಿ ರಿಪೇರಿಗೆ ಬಂದು ಯಜಮಾನ ಮರೆತೇಬಿಟ್ಟಿದ್ದ ಬ್ಯಾಟರಿ ಸೈಕಲ್ಲನ್ನು ಅವಳಿಗೆ ಸಜ್ಜು ಮಾಡಿದ. ಸೀಟಿನ ಮೂತಿಯನ್ನು ಒಂದು ನೂಲಿನಷ್ಟು ತಗ್ಗಿಸಿ, "ನೋಡು ತಾಯಿ, ನೋವಾದ್ರೆ ಬಾಯಿಬಿಟ್ಟು ಹೇಳು. ನಿಮ್ಮನೇಲಿ ಆ ಅಭ್ಯಾಸ ಕಮ್ಮಿ," ಎಂದ.

ಸಿಲ್ವಾನೊ ಅಂದು ಹೆಂಡತಿ ಹೊಲಿದ ಚಡ್ಡಿಯನ್ನೇ ತೊಟ್ಟ. ಅವನು ಮುಂದೆ, ಅವಳು ಹಿಂದೆ. ಎರಡೂ ಬದಿ ದ್ರಾಕ್ಷಿ ತೋಟಗಳು ಎಳೆ ಚಿಗುರು ಬಿಟ್ಟಿದ್ದವು; ಅವಳು ಅತ್ತ ನೋಡಲಿಲ್ಲ. ಗಂಡ ಸೈಕಲ್ ಮೇಲೆ ಕೂತದ್ದನ್ನು ಅವಳು ಹೀಗೆ ಹಿಂದಿನಿಂದ, ಇಷ್ಟು ಹೊತ್ತು, ಎಂದೂ ನೋಡಿರಲಿಲ್ಲ. ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಕಂಡುಬಿಟ್ಟಿತು. ಟೈಲ್ಸ್ ಕೂರಿಸಿ ಕೂರಿಸಿ ಗಟ್ಟಿಯಾದ ಸೊಂಟ ಅವನಿಗೆ ಬಗ್ಗುತ್ತಿರಲಿಲ್ಲ. ದುವಿಲಿಯೊ ಹ್ಯಾಂಡಲನ್ನು ಎತ್ತರಕ್ಕೆ ಏರಿಸಿಕೊಟ್ಟಿದ್ದ. ಸಿಲ್ವಾನೊ ಅಡುಗೆಮನೆಯ ಕುರ್ಚಿಯಲ್ಲಿ ಕೂತವನಂತೆ ನೆಟ್ಟಗೆ ಕೂತು ತುಳಿಯುತ್ತಿದ್ದ. ಕಾರ್ಖಾನೆಯ ಮೆತ್ತೆಗಳೆಲ್ಲ ಎದೆಯನ್ನು ಹ್ಯಾಂಡಲಿಗೆ ತಾಗಿಸಿ ಹಾರುವ ಎಳೆ ಹುಡುಗರಿಗಾಗಿ ಕತ್ತರಿಸಿದ್ದವು. ಅವರ ಭಾರ ಮುಂದೆ ಬೀಳುತ್ತದೆ. ದಪ್ಪ ಸ್ಪಂಜು ಇರುವುದೂ ಅಲ್ಲೇ. ಸಿಲ್ವಾನೊನ ಭಾರವೆಲ್ಲ ಹಿಂದೆ, ಕೂರುವ ಎರಡು ಎಲುಬುಗಳ ಮೇಲೆ, ಸ್ಪಂಜು ಮುಗಿದು ಹೊಲಿಗೆ ಶುರುವಾಗುವ ಜಾಗದ ಮೇಲೆ ಸರಿಯಾಗಿ ಬೀಳುತ್ತಿತ್ತು. ತನ್ನ ಗಟ್ಟಿ ಹೊಲಿಗೆಯ ಮೇಲೆ ಅವನು ಇಷ್ಟು ವರ್ಷ ಕೂತಿದ್ದ.

ಮುಂದಿನ ಊರಿನ ನಲ್ಲಿಕಟ್ಟೆಯ ಬಳಿ ನೀರು ಕುಡಿಯಲು ನಿಂತಾಗ ಅವಳು ಇದನ್ನೆಲ್ಲ ಹೇಳಿದಳು. ಹೊಲಿಗೆ ಕೆಟ್ಟದ್ದಲ್ಲ, ನೀನೂ ನಾಜೂಕಲ್ಲ, ಅಳತೆ ಇನ್ನೊಬ್ಬರದ್ದು, ಅಷ್ಟೇ. ಸಿಲ್ವಾನೊ ನೀರಿನ ಬಾಟಲಿ ಹಿಡಿದುಕೊಂಡೇ ಅವಳನ್ನು ನೋಡಿದ. ತನ್ನ ಚರ್ಮವೇ ಸರಿಯಿಲ್ಲ ಎಂದುಕೊಂಡು ಡಾಕ್ಟರಿಗೂ ತೋರಿಸಿದ್ದೆ ಎಂದ. ಅದೂ ಅವಳಿಗೆ ಹೊಸ ಸುದ್ದಿ.

ಸೋಮವಾರ ಅಡುಗೆಮನೆಯಲ್ಲಿ ಅಳತೆಯ ಕೆಲಸ ನಡೆಯಿತು. ಮರದ ಸ್ಟೂಲಿನ ಮೇಲೆ ರಟ್ಟಿನ ಪೆಟ್ಟಿಗೆಯ ತುಂಡೊಂದನ್ನಿಟ್ಟು, ಗಂಡನನ್ನು ಒಳಚಡ್ಡಿಯಲ್ಲೇ ಅದರ ಮೇಲೆ ಕೂರಿಸಿ, ಹೆಗಲು ಹಿಡಿದು ಕೆಳಕ್ಕೆ ಒತ್ತಿದಳು. ಎದ್ದಾಗ ರಟ್ಟಿನಲ್ಲಿ ಎರಡು ಕುಳಿ ಬಿದ್ದಿದ್ದವು. ಅವುಗಳಿಗೆ ಸೀಮೆಸುಣ್ಣದಿಂದ ಸುತ್ತು ಹಾಕಿ, ಟೇಪು ಹಿಡಿದು, ಅಂತರ ಬರೆದುಕೊಂಡಳು. ಕಾರ್ಖಾನೆಯ ಅಚ್ಚಿಗಿಂತ ಎರಡು ಬೆರಳಗಲ ಹೆಚ್ಚು. ಹಳೆಯ ಸಹೋದ್ಯೋಗಿಯೊಬ್ಬಳಿಂದ ಸ್ಪಂಜಿನ ತುಂಡುಗಳನ್ನು ತರಿಸಿಕೊಂಡಳು. ಅದೇ ಅಳತೆ ನೋಡಿ ದುವಿಲಿಯೊ ಸೀಟನ್ನೂ ಬದಲಾಯಿಸಿ, ಅಗಲದ್ದು ಹಾಕಿದ.

ಒಂದೇ ಕರಾರು: ಇನ್ನು ಮೇಲೆ ಸಿಲ್ವಾನೊ ಸುಳ್ಳು ಹೇಳಕೂಡದು. ಅವನಿಗೆ ಅದು ಸುಲಭವಾಗಿರಲಿಲ್ಲ. ಮೊದಲ ಚಡ್ಡಿ ತೊಟ್ಟು ಹೋಗಿ ಬಂದ ದಿನ ಬಾಗಿಲಲ್ಲೇ ನಿಂತು ಗಂಟಲು ಸರಿಮಾಡಿಕೊಂಡ.

"ಹೇಳು," ಎಂದಳು ಅವಳು.

"ಕಾವಿಗೆ ಕೂತ ಕೋಳಿ ಮೇಲೆ ಕೂತ ಹಾಗಿತ್ತು," ಎಂದ.

ಒರಿಯೆಲ್ಲಾ ನಕ್ಕುನಕ್ಕು ಕಣ್ಣೊರೆಸಿಕೊಂಡಳು. ಸ್ಪಂಜು ದಪ್ಪವಾಗಿತ್ತು, ಬಿಚ್ಚಿ ತೆಳುವು ಮಾಡಿದಳು. ಎರಡನೆಯದು ಬಲಗಡೆ ಮಡಿಕೆ ಬಿತ್ತು. ಜೂನ್ ಕಳೆಯುವಷ್ಟರಲ್ಲಿ ಮೂರನೆಯದು ಸಿದ್ಧವಾಯಿತು. ಅದನ್ನು ತೊಟ್ಟುಕೊಂಡು ಸಿಲ್ವಾನೊ ಪಿಯಾವೆ ದಾಟಿ, ಗುಡ್ಡ ಸುತ್ತಿ, ಎಂಬತ್ತೆರಡು ಕಿಲೋಮೀಟರ್ ತುಳಿದು ಬಂದ. ಜೊತೆಗೆ ಬಂದ ದುವಿಲಿಯೊ ಸುಸ್ತಾಗಿ ಇವರ ಮನೆಯ ಅಂಗಳದಲ್ಲೇ ಕೂತುಬಿಟ್ಟ. ಸಿಲ್ವಾನೊ ಮಾತ್ರ ಸೈಕಲ್ಲಿನಿಂದ ಇಳಿದು ಸೀದಾ ನಡೆದು ಬಂದು, ಗಟ್ಟಿ ಮರದ ಬೆಂಚಿನ ಮೇಲೆ ಧಾರಾಳವಾಗಿ ಕೂತ. ಬೆವರಿನ ಬಿಳಿಗೆರೆ ಬಿದ್ದ ಚಡ್ಡಿಯಲ್ಲಿ ಗಂಡ ಹಾಗೆ ಕೂತದ್ದನ್ನು ನೋಡುತ್ತ ಅವಳು ಬಾಗಿಲಿಗೆ ಒರಗಿದಳು.

"ಹೇಗಿತ್ತು?" ಎಂದು ಕೊನೆಗೆ ಕೇಳಿದಳು.

"ಚೆನ್ನಾಗಿತ್ತು," ಎಂದ. ಅವಳು ಕಾದಳು. ಅವನು ದುವಿಲಿಯೊನ ಕಡೆ ನೋಡಿ, ಮತ್ತೆ ಇವಳ ಕಡೆ ನೋಡಿ, "ಎಡಗಡೆ, ಸ್ವಲ್ಪ ಹಿಂದೆ, ಅರವತ್ತು ಕಿಲೋಮೀಟರ್ ಆದ್ಮೇಲೆ ಒಂಚೂರು ಒತ್ತುತ್ತೆ," ಎಂದ.

"ಸ್ನಾನ ಮಾಡಿ ಬಾ, ಅದನ್ನ ಬಿಚ್ಚಿ ಕೊಡು," ಎಂದು ಒರಿಯೆಲ್ಲಾ ಕನ್ನಡಕ ಹುಡುಕಲು ಒಳಗೆ ಹೋದಳು. ಅಂಗಳದಿಂದ ದುವಿಲಿಯೊ, ಪುರುಸೊತ್ತಾದರೆ ತನಗೂ ಆ ಸ್ಟೂಲಿನ ಮೇಲೆ ಒಂದು ರಟ್ಟಿನ ತುಂಡು ಇಡಬಹುದಾ ಎಂದು, ಯಾರನ್ನೂ ನೋಡದೆ ಕೇಳಿದ.